ಫೋನಿನೊಳಗೆ ಸಿಕ್ಕಿಕೊಂಡ ಸೋಬಾನೆ

ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ ವಾಸವಾಗಿರುವ ನನ್ನ ಸೋದರತ್ತೆಯವರು, ಮದುವೆಯ ಮನೆಗಳಲ್ಲಿ ಹಿರಿಯ ಹೆಂಗಸರು ಹೇಳುವ ಸೋಬಾನೆ ಪದಗಳನ್ನು ಎಷ್ಟೋ ವರ್ಷಗಳಿಂದ ತಮ್ಮ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತ ಬಂದಿದ್ದರು. ಹಾಗೆ ಹಾಡಿದವರಲ್ಲಿ ಹಲವರು ಇಂದು ಇಲ್ಲ. ಆ ಪದಗಳನ್ನು ಯಾರೂ ಬರೆದಿಟ್ಟಿಲ್ಲ. ಅವು ಇದ್ದುದು ಆ ಹಳೆಯ ಫೋನೊಂದರಲ್ಲಿ ಮಾತ್ರ. ಅದರ ಬ್ಯಾಟರಿ ಗಂಟೆಗೊಮ್ಮೆ ಬರಿದಾಗತೊಡಗಿ, ಇನ್ನಿದು ಹೆಚ್ಚು ದಿನ ಬಾಳದೆಂದು ತೋರಿದಾಗ, ಹಾಡುಗಳನ್ನು ಮನೆಯ ಲ್ಯಾಪ್‌ಟಾಪಿಗೆ ತುಂಬಿಸಿಡಬೇಕೆಂದು ಅವರು ಸಂಕಲ್ಪಿಸಿದರು. ನೆಟ್‌ವರ್ಕ್ ಬೇಕಾದರೆ ಗುಡ್ಡದ ನೆತ್ತಿಗೆ ಹೋಗಬೇಕಾದ ಊರಿನಲ್ಲಿ ಅಂತರ್ಜಾಲದ ಮೂಲಕ ಅಷ್ಟನ್ನು ಸಾಗಿಸುವ ಮಾತೇ ಇಲ್ಲ; ಕೇಬಲ್ ಒಂದೇ ದಾರಿ. ಆದರೆ ಕೇಬಲ್ ಹಚ್ಚಿದರೆ ಲ್ಯಾಪ್‌ಟಾಪು ಫೋನನ್ನು ಗುರುತಿಸಲೊಲ್ಲದು. ಎರಡನ್ನೂ ಚೀಲದಲ್ಲಿಟ್ಟುಕೊಂಡು ಪೇಟೆಯ ಅಂಗಡಿಯೊಂದಕ್ಕೆ ಹೋದಾಗ ಅವರಿಗೆ ದೊರೆತ ಉತ್ತರ ಇದು: "ಡ್ರೈವರ್ ಹೋಗಿದೆ ಅಮ್ಮ. ಫೋನ್ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತೆ." ಫಾರ್ಮ್ಯಾಟ್ ಎಂದರೆ ಒಳಗಿದ್ದುದೆಲ್ಲವನ್ನೂ ಅಳಿಸಿಬಿಡುವುದೆಂದು, ಅದೇ ಅಂಗಡಿಯಲ್ಲಿ ಕಾದು ನಿಂತಿದ್ದ ಕಾಲೇಜಿನ ಹುಡುಗಿಯೊಬ್ಬಳು ಮೆಲ್ಲನೆ ಎಚ್ಚರಿಸಿದ್ದರಿಂದ ಆ ಪದಗಳು ಉಳಿದವು.

ಇದು ಒಬ್ಬ ಅಂಗಡಿಯವನ ಅವಿವೇಕ ಮಾತ್ರವಾಗಿದ್ದರೆ ನಾನು ಪತ್ರಿಕೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ. ಫೋನಿಗೂ ಕಂಪ್ಯೂಟರಿಗೂ ನಡುವಣ ಸಂಪರ್ಕ ಕೆಟ್ಟಾಗ, ಅದು ಏಕೆ ಕೆಟ್ಟಿತೆಂಬುದನ್ನು ಯಂತ್ರವು ಸ್ಪಷ್ಟವಾಗಿ ಹೇಳುವುದಿಲ್ಲ. ಹೇಳುವ ಅಲ್ಪಸ್ವಲ್ಪವೂ ಬಳಸುವವರಿಗೆ ಅರ್ಥವಾಗತಕ್ಕ ಮಾತಿನಲ್ಲಿರುವುದಿಲ್ಲ. ಆದಕಾರಣ ಸಮಸ್ತ ದೋಷವನ್ನೂ 'ಡ್ರೈವರ್' ಎಂಬ ಒಂದೇ ಶಬ್ದದ ತಲೆಗೆ ಕಟ್ಟಿ, ಬಲ್ಲವರೆನಿಸಿಕೊಂಡವರು ಕೈತೊಳೆದುಕೊಳ್ಳುತ್ತಾರೆ, ಜನಸಾಮಾನ್ಯರು ತಮ್ಮ ಮಕ್ಕಳ ಭಾವಚಿತ್ರಗಳಿಗೂ ತಾಯಂದಿರ ಕಂಠಸ್ವರಕ್ಕೂ ಪರಕೀಯರಾಗಿ ನಿಲ್ಲುತ್ತಾರೆ. ಈ ಅಸಹಾಯಕತೆಗೆ ಹೊಣೆ ಜನರ ಅಜ್ಞಾನವೆಂದು ಹೇಳುವವರಿದ್ದಾರೆ. ಯಂತ್ರಗಳನ್ನು ನಿರ್ಮಿಸಿದವರ ಉಪೇಕ್ಷೆಯೇ ಇದಕ್ಕೆ ಹೊಣೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಯುಎಸ್‌ಬಿ ಎಂಬ ವ್ಯವಸ್ಥೆ ಹುಟ್ಟಿದ್ದೇ ಇಂತಹ ಕ್ಲೇಶವನ್ನು ನಿವಾರಿಸುವುದಕ್ಕಾಗಿ. ಕೀಲಿಮಣೆಗೊಂದು, ಪ್ರಿಂಟರಿಗೊಂದು, ಮೋಡೆಮ್ಮಿಗೊಂದು ಎಂದು ಬಗೆಬಗೆಯ ಆಕಾರದ ಕಿಂಡಿಗಳಿದ್ದು, ಹೊಸ ಉಪಕರಣವನ್ನು ಸೇರಿಸಿದಾಗ ಕಂಪ್ಯೂಟರನ್ನು ಆರಿಸಿ ಮತ್ತೆ ಹೊತ್ತಿಸಬೇಕಾಗುತ್ತಿದ್ದ ಕಾಲದಲ್ಲಿ, ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ ಮೊದಲಾದ ಏಳು ಸಂಸ್ಥೆಗಳು ಕೂಡಿ ರೂಪಿಸಿದ ಈ ಮಾನಕದ ಮೊದಲ ಆವೃತ್ತಿ 1996ರ ಜನವರಿಯಲ್ಲಿ ಪ್ರಕಟವಾಯಿತು. ಅದರ ನಿರ್ಮಾತೃಗಳಲ್ಲಿ ಪ್ರಮುಖರಾದ ಅಜಯ್ ಭಟ್ಟರು ಬರೋಡದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದವರು. ಮನೆಯಲ್ಲಿ ಪ್ರಿಂಟರನ್ನು ಬಳಸಲು ತಮ್ಮ ಪತ್ನಿ ಪಟ್ಟ ಪಾಡೂ ಈ ಕೆಲಸಕ್ಕೆ ಪ್ರೇರಣೆಯಾಯಿತೆಂದು ಅವರು ಹೇಳಿಕೊಂಡಿದ್ದಾರೆ. ಆರಂಭದಲ್ಲಿ ಸೆಕೆಂಡಿಗೆ 12 ಮೆಗಾಬಿಟ್ ಇದ್ದ ಗರಿಷ್ಠ ವೇಗ 2000ದಲ್ಲಿ 480ಕ್ಕೆ ಏರಿತು, 2008ರಲ್ಲಿ 5 ಗಿಗಾಬಿಟ್ ಆಯಿತು. ವೇಗದೊಡನೆ ಸೌಲಭ್ಯವೂ ಅದೇ ಪ್ರಮಾಣದಲ್ಲಿ ವರ್ಧಿಸಿದ್ದರೆ ನಮ್ಮ ಅತ್ತೆಯವರು ಪೇಟೆಗೆ ಹೋಗಬೇಕಾಗಿರಲಿಲ್ಲ.

ಕೇಬಲ್ ಹಚ್ಚಿದ ಕ್ಷಣದಲ್ಲಿ ನಡೆಯುವ ವ್ಯಾಪಾರವೇನೆಂಬುದನ್ನು ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ಕಂಪ್ಯೂಟರು 'ನೀನಾರು?' ಎಂದು ವಿಚಾರಿಸುತ್ತದೆ. ತನ್ನನ್ನು ತಯಾರಿಸಿದ ಸಂಸ್ಥೆಯ ಒಂದು ಸಂಖ್ಯೆಯನ್ನೂ, ತನ್ನ ಮಾದರಿಯ ಇನ್ನೊಂದು ಸಂಖ್ಯೆಯನ್ನೂ, ತಾನು ಯಾವ ಯಾವ ಕೆಲಸಗಳಿಗೆ ಒದಗಬಲ್ಲೆನೆಂಬ ವಿವರವನ್ನೂ ಫೋನು ಒಪ್ಪಿಸುತ್ತದೆ. ಅದಕ್ಕೆ ಹೊಂದತಕ್ಕ ಡ್ರೈವರನ್ನು ಕಂಪ್ಯೂಟರು ತನ್ನ ಭಂಡಾರದಲ್ಲಿ ಹುಡುಕಿ ನಿಯಮಿಸುತ್ತದೆ. ಡ್ರೈವರ್ ಎಂದೊಡನೆ ನಮಗೆ ಬಸ್ಸು ನಡೆಸುವವನ ನೆನಪಾಗುತ್ತದೆಯಾದರೂ, ಇಲ್ಲಿ ಅದರ ಕೆಲಸ ದ್ವಿಭಾಷಿಯದು. ಮೊದಮೊದಲು ಫೋನುಗಳು ಪೆನ್‌ಡ್ರೈವಿನಂತೆ ತಮ್ಮ ಮೆಮೊರಿ ಕಾರ್ಡನ್ನು ಇಡಿಯಾಗಿ ಕಂಪ್ಯೂಟರಿನ ಸ್ವಾಧೀನಕ್ಕೆ ಬಿಟ್ಟುಕೊಡುತ್ತಿದ್ದವು. ಅಷ್ಟು ಹೊತ್ತು ಫೋನು ತಾನೇ ಅದನ್ನು ಉಪಯೋಗಿಸುವಂತಿರಲಿಲ್ಲ. ತರುವಾಯ, ಕಾರ್ಡನ್ನು ಬಿಟ್ಟುಕೊಡದೆ ಕೇಳಿದ ಕಡತಗಳನ್ನಷ್ಟೇ ಒಪ್ಪಿಸುವ ಎಂಟಿಪಿ ಎಂಬ ಪದ್ಧತಿ ಬಂದಿತು. ಅದು 2008ರಲ್ಲಿ ಯುಎಸ್‌ಬಿಯ ಅಧಿಕೃತ ಮಾನಕಗಳಲ್ಲೊಂದಾಯಿತು. 2011ರಿಂದ ಈಚೆಗೆ ಆಂಡ್ರಾಯ್ಡ್ ಅದನ್ನೇ ಅನುಸರಿಸುತ್ತಿದೆ. ಇದಕ್ಕೆ ಬೇಕಾದ ದ್ವಿಭಾಷಿ ಸಾಮಾನ್ಯವಾಗಿ ವಿಂಡೋಸಿನಲ್ಲಿ ಮೊದಲೇ ಇರುತ್ತಾನೆ. ಫೋನಿಗಾಗಿ ಆ್ಯಪ್ ರಚಿಸುವವರಿಗೆ, ಫೋನಿನ ಮೂಲ ತಂತ್ರಾಂಶವನ್ನೇ ಬದಲಿಸುವವರಿಗೆ ತಯಾರಕರ ಪ್ರತ್ಯೇಕ ಡ್ರೈವರ್ ಬೇಕಾದೀತು. ಹಾಡನ್ನೂ ಚಿತ್ರವನ್ನೂ ನಕಲು ಮಾಡಿಕೊಳ್ಳಬೇಕಾದವರಿಗೆ ಬಹುಮಟ್ಟಿಗೆ ಅದು ಬೇಕಿಲ್ಲ.

ನಾನು ಅತ್ತೆಯವರ ಮನೆಗೆ ಹೋದಾಗ ಮೊದಲು ಗಮನಿಸಿದ್ದು ಮೌನವನ್ನು. ಕೇಬಲ್ ಹಚ್ಚಿದರೆ ಫೋನು ಚಾರ್ಜ್ ಆಗುತ್ತಿತ್ತು, ಆದರೆ ಲ್ಯಾಪ್‌ಟಾಪಿನಿಂದ 'ಟಿಣ್' ಎಂಬ ಸದ್ದೂ ಇಲ್ಲ, ಕಂಪ್ಯೂಟರಿಗೆ ಸೇರಿದ ಉಪಕರಣಗಳನ್ನು ತೋರಿಸುವ ಡಿವೈಸ್ ಮ್ಯಾನೇಜರಿನ ಪಟ್ಟಿಯಲ್ಲಿ ಯಾವ ಚಲನೆಯೂ ಇಲ್ಲ. ಡ್ರೈವರಿನ ಪ್ರಶ್ನೆ ಹುಟ್ಟುವುದು ಕಂಪ್ಯೂಟರಿಗೆ ಅತಿಥಿಯೊಬ್ಬ ಬಂದನೆಂದು ತಿಳಿದ ಮೇಲೆ. ಇಲ್ಲಿ ಬಂದದ್ದೇ ತಿಳಿದಿಲ್ಲ. ಸಾಧಾರಣ ಯುಎಸ್‌ಬಿ ಕೇಬಲ್ಲಿನೊಳಗೆ ನಾಲ್ಕು ತಂತಿಗಳಿರುತ್ತವೆ: ಎರಡು 5 ವೋಲ್ಟಿನ ವಿದ್ಯುತ್ತಿಗೆ, ಇನ್ನೆರಡು ದತ್ತಾಂಶಕ್ಕೆ. ಅಗ್ಗದ ಕೇಬಲ್ಲುಗಳಲ್ಲಿ ದತ್ತಾಂಶದ ಆ ಎರಡು ತಂತಿಗಳನ್ನು ಹಾಕದೆಯೇ ಬಿಡುವುದುಂಟು. ಅತ್ತೆಯವರು ಹಚ್ಚುತ್ತಿದ್ದುದು ಚಾರ್ಜ್ ಮಾಡುವ ಟಾರ್ಚಿನೊಡನೆ ಬಂದ ಕೇಬಲ್! ಹೊರಗಿನಿಂದ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಕಿಂಚಿತ್ತೂ ಭೇದ ತೋರದು. 'ಚಾರ್ಜ್ ಆಗುತ್ತಿದೆಯಲ್ಲ, ಕೇಬಲ್ ಸರಿಯಾಗಿಯೇ ಇದೆ' ಎಂದು ಅವರು ಭಾವಿಸಿದ್ದು ಎಷ್ಟು ಸಹಜ! ನೆರೆಮನೆಯವರ ಕೇಬಲ್ಲನ್ನು ತಂದು ಹಚ್ಚಿದೊಡನೆ ಲ್ಯಾಪ್‌ಟಾಪು ಸದ್ದು ಮಾಡಿತು. ಕೇಬಲ್ ಬದಲಿಸಿಯೂ ಮೌನವೇ ಇದ್ದಿದ್ದರೆ ಬೇರೆ ಕಿಂಡಿಗೆ ಹಚ್ಚಿ ನೋಡಬೇಕಾಗಿತ್ತು; ಫೋನನ್ನು ಆರಿಸಿ, ಅದರ ಕಿಂಡಿಯಲ್ಲಿ ಗಟ್ಟಿಯಾಗಿ ಕೂತ ಧೂಳನ್ನು ಒಣಗಿದ ಮರದ ಕಡ್ಡಿಯಿಂದ ಮೃದುವಾಗಿ ತೆಗೆಯಬೇಕಾಗಿತ್ತು.

ಸದ್ದಾಯಿತು, ಫೋನಿನ ಹೆಸರೂ ಪರದೆಯ ಮೇಲೆ ಬಂದಿತು. ತೆರೆದು ನೋಡಿದರೆ ಒಳಗೆ ಏನೂ ಇಲ್ಲ. ಅತ್ತೆಯವರ ಮುಖ ಕಂದಿತು. "ಹಾಡು ಫೋನಿನಲ್ಲಿ ಕೇಳ್ತದಲ್ಲ ಮಗ, ಇಲ್ಲಿ ಯಾಕೆ ಇಲ್ಲ?" ಎಂದು ಕೇಳಿದರು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದೀಚೆಗೆ, ಕೇಬಲ್ ಹಚ್ಚಿದ ಫೋನು ತಾನಾಗಿ ಚಾರ್ಜ್ ಮಾತ್ರ ಮಾಡಿಕೊಳ್ಳುತ್ತದೆ; ಬೀಗ ತೆರೆದು, ಮೇಲಿನಿಂದ ಸೂಚನೆಗಳ ಪಟ್ಟಿಯನ್ನು ಕೆಳಗೆಳೆದು, 'ಫೈಲ್ ವರ್ಗಾವಣೆ' ಎಂಬುದನ್ನು ಒಡೆಯನು ತಾನೇ ಆರಿಸಿದ ಹೊರತು ಒಳಗಿನದನ್ನು ಅದು ಯಾರಿಗೂ ತೋರಿಸದು. ಬಸ್ ನಿಲ್ದಾಣದಲ್ಲಿಯೋ ಹೋಟೆಲಿನಲ್ಲಿಯೋ ಕಂಡಕಂಡ ಕಿಂಡಿಗೆ ಫೋನನ್ನು ಹಚ್ಚುವ ಈ ದಿನಗಳಲ್ಲಿ ಇದು ಅತ್ಯಂತ ಯುಕ್ತವಾದ ನಿಯಮ. ನನ್ನ ಆಕ್ಷೇಪಣೆ ನಿಯಮದ ಮೇಲಲ್ಲ, ಅದನ್ನು ತಿಳಿಸುವ ರೀತಿಯ ಮೇಲೆ. 'ಫೋನಿಗೆ ಬೀಗವಿದೆ, ತೆರೆದು ಅನುಮತಿ ಕೊಡಿ' ಎಂದು ಒಂದು ಸಾಲು ಬರೆಯುವುದಕ್ಕೆ ಬದಲಾಗಿ ಬರಿದಾದ ಕಿಟಕಿಯೊಂದನ್ನು ತೋರಿಸುವುದು, ಹಾಡುಗಳೇ ನಷ್ಟವಾದವೋ ಎಂಬ ಭೀತಿಗೆ ಮುದುಕಿಯೊಬ್ಬಳನ್ನು ಗುರಿಮಾಡುವುದು, ಅಕ್ಷಮ್ಯವಾದ ಔದಾಸೀನ್ಯ. ಐಫೋನು ಈ ವಿಷಯದಲ್ಲಿ ಮೇಲು. 'ಈ ಕಂಪ್ಯೂಟರನ್ನು ನಂಬುವಿರಾ' ಎಂದು ಅದು ಪರದೆಯ ನಡುವೆಯೇ ಕೇಳುತ್ತದೆ.

ಅನುಮತಿ ಕೊಟ್ಟ ಮೇಲೆ ಬಂದಿತು ನಿಜವಾದ ಡ್ರೈವರಿನ ತೊಡಕು. ಅಂಗಡಿಯಲ್ಲಿ 'ಎಲ್ಲ ಡ್ರೈವರುಗಳನ್ನೂ ಸರಿಪಡಿಸುವ' ತಂತ್ರಾಂಶವೊಂದನ್ನು ಲ್ಯಾಪ್‌ಟಾಪಿಗೆ ತುಂಬಿಸಿದ್ದರು. ಅದು ಇದ್ದ ವ್ಯವಸ್ಥೆಯನ್ನು ಕೆಡಿಸಿತ್ತೆಂದು ತೋರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ 'ಎಂಟಿಪಿ' ಎಂಬ ಹೆಸರಿನ ಪಕ್ಕದಲ್ಲಿ ಹಳದಿಯ ಆಶ್ಚರ್ಯಚಿಹ್ನೆ. ಅದರ ಗುಣವಿವರಗಳಲ್ಲಿ ಕೋಡ್ 28. ಈ ಸಂಖ್ಯೆಗಳನ್ನು ಓದುವ ಅಭ್ಯಾಸವಿದ್ದರೆ ಎಷ್ಟೋ ವ್ಯರ್ಥ ಪ್ರಯಾಸ ತಪ್ಪುತ್ತದೆ: 28 ಎಂದರೆ ಡ್ರೈವರ್ ನೆಲೆಗೊಂಡಿಲ್ಲ, 43 ಎಂದರೆ ಉಪಕರಣವೇ ತನ್ನಲ್ಲಿ ದೋಷವಿದೆಯೆಂದು ವರದಿ ಮಾಡಿದೆ, ಮತ್ತು ಅಲ್ಲಿ ಅನೇಕ ವೇಳೆ ಶಂಕಿಸಬೇಕಾದದ್ದು ಪುನಃ ಕೇಬಲ್ಲನ್ನೂ ಕಿಂಡಿಯನ್ನೂ. ಆ ಹೆಸರಿನ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ, ಅಪ್‌ಡೇಟ್ ಡ್ರೈವರ್ ಎಂಬುದನ್ನು ಆರಿಸಿ, ಅಂತರ್ಜಾಲದಲ್ಲಿ ಹುಡುಕಗೊಡದೆ, ಈ ಕಂಪ್ಯೂಟರಿನಲ್ಲೇ ಇರುವ ಪಟ್ಟಿಯಿಂದ ನಾನೇ ಆರಿಸುತ್ತೇನೆಂದು ಹೇಳಿ, 'ಎಂಟಿಪಿ ಯುಎಸ್‌ಬಿ ಡಿವೈಸ್' ಎಂಬುದನ್ನು ಗೊತ್ತುಮಾಡಿದೆ. ಹಳದಿ ಚಿಹ್ನೆ ಮಾಯವಾಯಿತು. ಒಂದು ಪೈಸೆಯ ವೆಚ್ಚವಿಲ್ಲ, ಹೊರಗಿನಿಂದ ಒಂದು ಕಡತವನ್ನೂ ತಂದಿಲ್ಲ. ಇದಕ್ಕೂ ಬಗ್ಗದಿದ್ದರೆ ಆ ಉಪಕರಣವನ್ನು ಪಟ್ಟಿಯಿಂದ ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರನ್ನು ಮರಳಿ ಹೊತ್ತಿಸಿ, ಹೊಸದಾಗಿ ಹಚ್ಚುವುದುಂಟು. ಹೆಸರಿನ ಕೊನೆಗೆ 'ಎನ್' ಎಂಬ ಅಕ್ಷರವಿರುವ ವಿಂಡೋಸ್ ಆವೃತ್ತಿಗಳಲ್ಲಿ ಮಾತ್ರ ಎಂಟಿಪಿಯ ಸೌಕರ್ಯವಿರುವುದಿಲ್ಲ. ಅಲ್ಲಿ ಮೈಕ್ರೋಸಾಫ್ಟಿನದೇ ಆದ ಮೀಡಿಯಾ ಫೀಚರ್ ಪ್ಯಾಕನ್ನು ಸೇರಿಸಿಕೊಳ್ಳಬೇಕು.

ಡ್ರೈವರುಗಳನ್ನು ಉಚಿತವಾಗಿ ಕೊಡುತ್ತೇವೆಂದು ಕರೆಯುವ ಅಪರಿಚಿತ ತಾಣಗಳ ವಿಷಯದಲ್ಲಿ ನನಗೆ ಎಳ್ಳಷ್ಟೂ ದಾಕ್ಷಿಣ್ಯವಿಲ್ಲ. ಸಾಮಾನ್ಯ ತಂತ್ರಾಂಶ ಜಗಲಿಯಲ್ಲಿ ಕುಳಿತು ಹೋಗುವ ನೆಂಟನಾದರೆ, ಡ್ರೈವರ್ ಅಡುಗೆಮನೆ ದೇವರಮನೆಗಳವರೆಗೆ ಪ್ರವೇಶವುಳ್ಳವನು. ಕಾರ್ಯವ್ಯವಸ್ಥೆಯ ಗರ್ಭದಲ್ಲಿ ಕೆಲಸಮಾಡತಕ್ಕ ಅಂತಹವನಿಗೆ ಗುರುತಿನ ಮುದ್ರೆ ಇರಲೇಬೇಕೆಂದು 64 ಬಿಟ್‌ಗಳ ವಿಂಡೋಸ್ ವಿಧಿಸಿರುವುದು ಅದಕ್ಕಾಗಿಯೇ. 'ಮೊದಲು ಆ ಮುದ್ರೆಯ ತಪಾಸಣೆಯನ್ನು ನಿಲ್ಲಿಸಿ, ಆಮೇಲೆ ಇದನ್ನು ಹಾಕಿ' ಎಂದು ಉಪದೇಶಿಸುವವರ ಮಾತನ್ನು ಕೇಳಬಾರದು. ನಿಜವಾಗಿಯೂ ತಯಾರಕರ ಡ್ರೈವರ್ ಬೇಕಾದಲ್ಲಿ ತಯಾರಕರ ಸ್ವಂತ ತಾಣದಿಂದಲೇ ತರಬೇಕು.

ಆದರೆ ಅಲ್ಲಿ ಅದು ಇರಬೇಕಲ್ಲ! ನಾಲ್ಕೈದು ವರ್ಷದ ಹಿಂದಿನ ಮಾದರಿಯ ಪುಟವನ್ನೇ ತೆಗೆದುಹಾಕಿ, ಹೊಸ ಮಾದರಿಯ ಜಾಹೀರಾತಿಗೆ ನಮ್ಮನ್ನು ತಿರುಗಿಸುವ ಪದ್ಧತಿ ಬಳಕೆಗೆ ಬಂದಿದೆ. ಮಾರಿದ ಫೋನು ಜನರ ಕೈಯಲ್ಲಿರುವಷ್ಟು ಕಾಲ ಅದರ ಡ್ರೈವರನ್ನು ದೊರಕಿಸಿಕೊಡುವುದು ತಯಾರಕರ ಕರ್ತವ್ಯವೆಂದು ಶಾಸನವೇ ವಿಧಿಸಬೇಕು. ಕೇಬಲ್ಲಿನ ವಿಷಯವೂ ಅಷ್ಟೇ. ಯುರೋಪಿನ ಒಕ್ಕೂಟ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆಲ್ಲ ಟೈಪ್-ಸಿ ಕಿಂಡಿಯನ್ನು ಕಡ್ಡಾಯಗೊಳಿಸಿತು. ನಮ್ಮ ಭಾರತೀಯ ಮಾನಕ ಬ್ಯೂರೋ ಕೂಡ ಟೈಪ್-ಸಿಗೆ ಮಾನಕವನ್ನು ಪ್ರಕಟಿಸಿದೆ. ಆಕಾರ ಒಂದಾದುದು ಸಂತೋಷವೇ. ಆದರೂ ಒಂದೇ ಆಕಾರದ ಎರಡು ಕೇಬಲ್ಲುಗಳಲ್ಲಿ ಒಂದು 480 ಮೆಗಾಬಿಟ್ ವೇಗದ್ದಾಗಿಯೂ ಇನ್ನೊಂದು 40 ಗಿಗಾಬಿಟ್ ವೇಗದ್ದಾಗಿಯೂ ಇರಬಹುದಾದ್ದರಿಂದ, ಕೇಬಲ್ ಯಾವ ಕೆಲಸಕ್ಕೆ ಒದಗುತ್ತದೆ, ಯಾವುದಕ್ಕೆ ಒದಗದು ಎಂಬುದನ್ನು ಅದರ ಮೈಮೇಲೆಯೇ ಅಚ್ಚು ಹಾಕಿಸುವ ನಿಯಮ ಅಷ್ಟೇ ಅಗತ್ಯ. ಇನ್ನು ಭಾಷೆ. ಆಂಡ್ರಾಯ್ಡಿನಲ್ಲಿಯೂ ವಿಂಡೋಸಿನಲ್ಲಿಯೂ ಕನ್ನಡವಿದೆಯೆಂದು ನಾವು ಸಂತೋಷಪಡುತ್ತೇವೆ. ಮೆನುಗಳ ಹೆಸರುಗಳು ಕನ್ನಡವಾದುವು, ನಿಜ. ಸಂಕಟದ ಸಮಯದಲ್ಲಿ ಸಿಗುವುದು ಮಾತ್ರ ಒಂದು ಸಂಖ್ಯೆ, ಒಂದು ಹಳದಿ ಚಿಹ್ನೆ. ಮನುಷ್ಯನಿಗೆ ತನ್ನ ಭಾಷೆ ಅತ್ಯಂತ ಬೇಕಾಗುವುದು ದಾರಿ ತಪ್ಪಿದಾಗ. 'ಈ ಕೇಬಲ್ ಚಾರ್ಜ್ ಮಾಡಲು ಮಾತ್ರ' ಎಂಬಷ್ಟು ಸರಳವಾದ ಕನ್ನಡ ವಾಕ್ಯವನ್ನು ಪರದೆಯ ಮೇಲೆ ಮೂಡಿಸುವುದು ಇಷ್ಟೆಲ್ಲ ಸಾಧಿಸಿರುವ ಸಂಸ್ಥೆಗಳಿಗೆ ಅಸಾಧ್ಯವೆಂದು ನಾನು ಒಪ್ಪಲಾರೆ.

ಆ ಸಂಜೆ ಹಾಡುಗಳು ಲ್ಯಾಪ್‌ಟಾಪಿಗೆ ಬಂದವು. ಮತ್ತೊಂದು ಪ್ರತಿಯನ್ನು ಪೆನ್‌ಡ್ರೈವಿಗೂ ಹಾಕಿದೆವು. ನಕಲಾಗುವುದಕ್ಕೆ ಹಿಡಿದದ್ದು ಕೆಲವೇ ನಿಮಿಷ. ಆದರೆ ಫೋನು ಪ್ರತಿಯೊಂದು ಹಾಡಿಗೂ ದಿನಾಂಕ ವೇಳೆಗಳ ಅಂಕಿಗಳನ್ನೇ ಹೆಸರಾಗಿ ಇಟ್ಟಿತ್ತು. ಊಟವಾದ ಮೇಲೆ ಅತ್ತೆಯವರು ಒಂದೊಂದನ್ನೇ ಕೇಳುತ್ತ, ಇದು ಹೆಣ್ಣು ಒಪ್ಪಿಸುವಾಗಿನದು, ಇದು ಹಸೆಗೆ ಕರೆಯುವುದು, ಇದು ಕೆಳಗಿನ ಮನೆಯ ಅಜ್ಜಿ ಹೇಳಿದ್ದು ಎಂದು ಗುರುತಿಸುತ್ತ ಹೋದರು. ನಾನು ಅಂಕಿಗಳನ್ನು ಅಳಿಸಿ ಆ ಹೆಸರುಗಳನ್ನು ಕನ್ನಡದಲ್ಲಿ ಬರೆಯುತ್ತ ಹೋದೆ. ಆ ಕೆಲಸ ಮುಗಿಯುವ ಹೊತ್ತಿಗೆ ಕೋಳಿ ಕೂಗಿತ್ತು.