ಅಲಂಕಾರಕ್ಕೆ ಐಡಿ ಬೇಡ: ನಮ್ಮ ಪ್ರಣಾಳಿಕೆ

ಸ್ಟೈಲ್‌ಶೀಟ್ ಬರೆಯುವವರು, ಅದಕ್ಕಿಂತ ಹೆಚ್ಚಾಗಿ ಬೇರೆಯವರು ಬರೆದಿಟ್ಟದ್ದನ್ನು ತಿದ್ದುವವರು, ನಾವು ಒಟ್ಟಾಗಿದ್ದೇವೆ. ನಮ್ಮ ಬೇಡಿಕೆ ಒಂದೇ: ಪುಟವನ್ನು ಅಂದಗಾಣಿಸುವ ಕೆಲಸಕ್ಕೆ ಐಡಿಯನ್ನು ಎಳೆದು ತರುವುದು ನಿಲ್ಲಲಿ.

ನಮ್ಮ ತಕರಾರು ಏನೆಂದು ಕೇಳಿ. ಪುಟದ ಪಕ್ಕದ ಪಟ್ಟಿಗೆ ‘ಸೈಡ್‌ಬಾರ್’ ಎಂಬ ಐಡಿ ಇದೆ. ಆ ಐಡಿ ಹಿಡಿದು, ಅದರೊಳಗಿನ ಲಿಂಕ್‌ಗಳೆಲ್ಲ ನೀಲಿ ಎಂದು ಯಾರೋ ಒಂದು ಸಾಲು ಬರೆದಿದ್ದಾರೆ. ಕೆಲ ಕಾಲದ ಮೇಲೆ ಅಲ್ಲಿಗೆ ‘ಚಂದಾದಾರರಾಗಿ’ ಎಂಬ ಬಟನ್ ಬರುತ್ತದೆ, ಅದೂ ಲಿಂಕೇ. ಬಟನ್ನಿನ ಕ್ಲಾಸ್ ಕೊಡುವುದು ನೀಲಿ ಹಿನ್ನೆಲೆ, ಬಿಳಿ ಅಕ್ಷರ. ಪುಟ ತೆರೆದರೆ ನೀಲಿಯ ಮೇಲೆ ನೀಲಿ, ಅಕ್ಷರವೇ ಕಾಣದು! ಬ್ರೌಸರ್ ತಪ್ಪೇನೂ ಮಾಡಿಲ್ಲ. ಅದರ ಲೆಕ್ಕದಲ್ಲಿ ಮೊದಲ ಸ್ಥಾನ ಐಡಿಗೆ, ಎರಡನೆಯದು ಕ್ಲಾಸಿಗೆ, ಕೊನೆಯದು ಎಲಿಮೆಂಟಿಗೆ. ಸೈಡ್‌ಬಾರಿನ ಸಾಲಿಗೆ 1-0-1, ಬಟನ್ನಿಗೆ 0-1-0. ಇಲ್ಲಿ ದಶಕ ಕೂಡುವ ಪದ್ಧತಿಯೂ ಇಲ್ಲ. ಹನ್ನೊಂದು ಕ್ಲಾಸ್ ಪೇರಿಸಿದರೂ ಒಂದು ಐಡಿಯನ್ನು ಮೀರಲಾಗದು. 1996ರ ಡಿಸೆಂಬರಿನಲ್ಲಿ ಬಂದ ಮೊದಲ ಸಿಎಸ್‌ಎಸ್ ಶಿಫಾರಸಿನಲ್ಲೇ ಈ ಲೆಕ್ಕ ಇತ್ತು, ಗುಟ್ಟೇನಲ್ಲ. ಆದರೂ ಅವಸರದಲ್ಲಿರುವವರು ‘ಇಂಪಾರ್ಟೆಂಟ್’ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಮುಂದೆ ಡಾರ್ಕ್ ಮೋಡ್ ಬೇಕೆಂದಾಗ ಅದನ್ನು ಸೋಲಿಸಲು ಇನ್ನೊಂದು ಇಂಪಾರ್ಟೆಂಟ್.

‘ಪುಟಕ್ಕೆ ಇರುವುದು ಒಂದೇ ಹೆಡರ್ ತಾನೇ?’ ಎನ್ನುವವರಿದ್ದಾರೆ. ಇರಲಿ. ಒಂದೇ ಕಡೆ ಬರುವುದಕ್ಕೆ ಕ್ಲಾಸ್ ಕೊಡಬಾರದೆಂದು ಯಾವ ನಿಯಮವೂ ಇಲ್ಲ.

ಎಲಿಮೆಂಟ್‌ಗೆ ಬರೆಯುವುದು ಬುನಾದಿಯ ಮಾತುಗಳನ್ನಷ್ಟೇ. ಕನ್ನಡ ಪುಟಗಳಿಗೆ ಇದು ಇನ್ನೂ ಮುಖ್ಯ: ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ನಮಗೆ ಇಕ್ಕಟ್ಟು, ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಲೈನ್-ಹೈಟನ್ನು ‘ಬಾಡಿ’ ಎಲಿಮೆಂಟಿಗೆ ಒಮ್ಮೆ ಬರೆದರೆ ಒಳಗಿನ ಬರಹಕ್ಕೆಲ್ಲ ಇಳಿಯುತ್ತದೆ, ಪ್ಯಾರಾ ಪ್ಯಾರಾಕ್ಕೂ ಕ್ಲಾಸ್ ಕೊಡುವುದು ದಂಡ. ಆದರೆ ಕಾರ್ಡಿನ ಶೀರ್ಷಿಕೆಯನ್ನು ‘ಎಚ್2’ ಎಂದು ಹಿಡಿದು ಸಿಂಗರಿಸಬೇಡಿ. ಸ್ಕ್ರೀನ್ ರೀಡರ್ ಬಳಸುವವರ ಅನುಕೂಲಕ್ಕೆ ನಾಳೆ ಅದು ‘ಎಚ್3’ ಆದರೆ ಸಿಂಗಾರವೆಲ್ಲ ಉದುರುತ್ತದೆ.

ಐಡಿಯ ಮೇಲೆ ನಮಗೆ ಹಗೆಯಿಲ್ಲ. ಲೇಬಲನ್ನು ಅದರ ಇನ್‌ಪುಟ್‌ಗೆ ಜೋಡಿಸಲು, ಪುಟದ ನಡುವಿನ ಜಾಗಕ್ಕೆ ನೇರ ಲಿಂಕ್ ಕೊಡಲು, ಸ್ಕ್ರಿಪ್ಟಿಗೆ ಗುರುತು ಹೇಳಲು ಅದೇ ಸರಿ. ಹೊರಗಿನಿಂದ ಬಂದ ವಿಜೆಟ್‌ನಲ್ಲಿ ಐಡಿ ಬಿಟ್ಟು ಬೇರೇನೂ ಇಲ್ಲವೇ? ಅಟ್ರಿಬ್ಯೂಟ್ ಸೆಲೆಕ್ಟರಿನಿಂದ ಹಿಡಿಯಿರಿ, ತೂಕ ಕ್ಲಾಸಿನಷ್ಟೇ. ಮುಟ್ಟಲಾಗದ ಹಳೆಯ ಕೋಡನ್ನು, 2022ರಲ್ಲಿ ಪ್ರಮುಖ ಬ್ರೌಸರ್‌ಗಳಿಗೆಲ್ಲ ಬಂದ ಕ್ಯಾಸ್ಕೇಡ್ ಲೇಯರ್‌ನಲ್ಲಿ ಹಾಕಿ ಮೊದಲಿಗಿಡಿ. ನಂತರದ ಲೇಯರಿನ ಬರೀ ಕ್ಲಾಸ್ ಅದರ ಐಡಿಯನ್ನು ಗೆಲ್ಲುತ್ತದೆ. (ಇಂಪಾರ್ಟೆಂಟ್ ಇದ್ದರೆ ಮಾತ್ರ ಈ ಕ್ರಮ ತಲೆಕೆಳಗು, ಎಚ್ಚರ.)

ನಮ್ಮ ಜೊತೆಗೂಡಲು ಸದಸ್ಯತ್ವ ಶುಲ್ಕವಿಲ್ಲ. ನಿಮ್ಮ ಸ್ಟೈಲ್‌ಶೀಟ್ ತೆರೆದು ಹ್ಯಾಷ್ ಚಿಹ್ನೆ ಹುಡುಕಿ, ಬಣ್ಣದ ಸಂಕೇತಗಳನ್ನು ಬಿಟ್ಟು. ಸಿಕ್ಕ ಮೊದಲನೆಯದನ್ನು ಇವತ್ತೇ ಕ್ಲಾಸ್ ಮಾಡಿ. ಎಚ್‌ಟಿಎಂಎಲ್‌ನಲ್ಲಿರುವ ಐಡಿಯನ್ನು ಮಾತ್ರ ಅಳಿಸಬೇಡಿ. ಆ ಐಡಿಗೆ ಕರೆದೊಯ್ಯುವ ಲಿಂಕನ್ನು ಯಾರೋ ಯಾರಿಗೋ ಕಳಿಸಿರಬಹುದು.