‘ಆದ್ದರಿಂದ’ ಎಂಬ ಶಬ್ದದ ಮೇಲೆ ಒಂದು ತಕರಾರು

ಮೈಸೂರಿನಲ್ಲಿ ಅರಾಜಕತೆ ಹಬ್ಬಿತ್ತು. ಆದ್ದರಿಂದ 1831ರಲ್ಲಿ ಕಂಪನಿ ಸರಕಾರ ಅಲ್ಲಿಯ ಆಡಳಿತವನ್ನು ವಹಿಸಿಕೊಂಡಿತು. ನಮ್ಮಲ್ಲಿ ಓದಿದವರೂ ಈ ಮಾತನ್ನು ಶಂಕೆಯಿಲ್ಲದೆ ಒಪ್ಪುತ್ತಾರೆ. ಕನ್ನಡ ಕಲಿಸುವವನಾದ ನನ್ನ ತಕರಾರು ನಡುವಿನ ‘ಆದ್ದರಿಂದ’ ಎಂಬ ಶಬ್ದದ ಮೇಲೆ.

ಹುಲಗೂರಿನಿಂದ ದಕ್ಷಿಣಕ್ಕೆ ಹೊರಟು ಹಿರೇಕೆರೂರು ದಾಟಿದರೆ ಶಿಕಾರಿಪುರದ ಸೀಮೆ. 1830ರಲ್ಲಿ ಈಚೆ ಕಂಪನಿಯ ಧಾರವಾಡ ಜಿಲ್ಲೆ. ಆಚೆ ಮೈಸೂರು ಅರಸರ ನಗರ ಫೌಜುದಾರಿ. ಆ ವರ್ಷ ಆಚೆಯ ರೈತರು ಕೂಟ ಸೇರಿ ಕಂದಾಯ ಕೊಡೆವೆಂದರು. ಬೂದಿ ಬಸವಪ್ಪನೆಂಬವನು ನಗರಕ್ಕೆ ತಾನೇ ದೊರೆಯೆಂದು ಎದ್ದು ನಿಂತ.

ಗವರ್ನರ್ ಜನರಲ್ ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬರೆದ ಪತ್ರದಲ್ಲಿ ಇದಕ್ಕೆಲ್ಲ ಅರಸರ ದುಂದು, ದುರಾಡಳಿತಗಳೇ ಕಾರಣ. ಅದು ಪೂರ್ತಿ ಸುಳ್ಳಲ್ಲ. ಶರತ್ತು ಪದ್ಧತಿಯಲ್ಲಿ ಅಮಲದಾರನು ಇಂತಿಷ್ಟು ಹಣ ಕೂಡಿಸುವೆನೆಂದು ಕರಾರು ಬರೆದುಕೊಡುತ್ತಿದ್ದ. ಕಡಿಮೆ ಬಿದ್ದರೆ ತಾನೇ ತುಂಬಬೇಕು. ಅಂಥವನು ರೈತನ ಕಣಜಕ್ಕೆ ಕೈಹಾಕದೆ ಬಿಟ್ಟಾನೆಯೆ?

ಆದರೆ ಅರ್ಧ ಲೆಕ್ಕ ಇನ್ನೊಂದು ಕಡೆಗಿದೆ. 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹಗಳನ್ನು, ಎಂದರೆ ಸುಮಾರು 24.5 ಲಕ್ಷ ರೂಪಾಯಿಗಳನ್ನು, ಕಂಪನಿಗೆ ತೆರಬೇಕಿತ್ತು. ಮಳೆ ಹೋದರೂ, ಧಾರಣೆ ಬಿದ್ದರೂ ಅದು ತಪ್ಪುವಂತಿರಲಿಲ್ಲ. ಹಣ ಬಾರದೆಂಬ ಶಂಕೆ ಬಂದರೆ ಸೀಮೆಯನ್ನೇ ವಶಪಡಿಸಿಕೊಳ್ಳುವ ಹಕ್ಕನ್ನೂ ಕಂಪನಿ ಅದೇ ಒಪ್ಪಂದದಲ್ಲಿ ಬರೆಸಿಕೊಂಡಿತ್ತು. ಸಾಲಗಾರನ ಮನೆಯ ಗದ್ದಲವನ್ನು ಸಾಹುಕಾರನೇ ವರದಿ ಮಾಡಿ, ಸಾಹುಕಾರನೇ ತೀರ್ಪು ಕೊಟ್ಟು, ಸಾಹುಕಾರನೇ ಮನೆ ಹೊಕ್ಕರೆ ಅದಕ್ಕೆ ನ್ಯಾಯವೆನ್ನಬಹುದೆ?

ಕಬ್ಬನ್ ಸಾಹೇಬರ ಕಾಲದಲ್ಲಿ ರಸ್ತೆಗಳಾಗಲಿಲ್ಲವೆ ಎಂದು ಕೇಳುವವರಿದ್ದಾರೆ. ಆದವು. ರಸ್ತೆ ನೆಟ್ಟಗಾದ ಮಾತ್ರಕ್ಕೆ ಹಕ್ಕು ನೆಟ್ಟಗಾಗದು. ಸ್ವತಃ ಬೆಂಟಿಂಕನಿಗೇ 1834ರಲ್ಲಿ ತನ್ನ ಕ್ರಮದ ನ್ಯಾಯದ ಬಗೆಗೆ ಅನುಮಾನ ಹುಟ್ಟಿತು. ರಾಜ್ಯದ ಒಂದು ಭಾಗವನ್ನಾದರೂ ಅರಸರಿಗೆ ಮರಳಿಸಬೇಕೆಂದು ಸೂಚಿಸಿದ. ಲಂಡನ್ನಿನ ಧಣಿಗಳು ಒಪ್ಪಲಿಲ್ಲ. ಮುಮ್ಮಡಿಯವರು 1868ರಲ್ಲಿ ತೀರಿಕೊಂಡರು. ರಾಜ್ಯ ಮರಳಿದ್ದು 1881ರಲ್ಲಿ. ನಗರದ ರೈತನ ಗೋಳು ರಾಜ್ಯ ಕಿತ್ತುಕೊಳ್ಳುವವರಿಗೆ ಸಾಕ್ಷಿಯಾಯಿತು. ಅವನ ಹೊರೆಯಲ್ಲಿ ತಮ್ಮ ಪಾಲೆಷ್ಟೆಂದು ಆ ಪತ್ರ ಕೇಳಿಕೊಳ್ಳಲಿಲ್ಲ.

ಧಾರವಾಡ ಸೀಮೆಯವರಾದ ನಾವು 1824ರ ಕಿತ್ತೂರನ್ನು ಮರೆತಿಲ್ಲ. ದತ್ತಕ ಸಲ್ಲದೆಂದ ಥ್ಯಾಕರೆಯ ಮಾತನ್ನು ನಮ್ಮ ಮಕ್ಕಳೂ ನಂಬುವುದಿಲ್ಲ. ಚೆನ್ನಮ್ಮನ ಸಂಗತಿಯಲ್ಲಿ ಕಲೆಕ್ಟರನನ್ನು ಜಗ್ಗಿ ಕೇಳುವ ನಾವು, ನೆರೆಯ ಮೈಸೂರಿನ ಸಂಗತಿಯಲ್ಲಿ ಗವರ್ನರನ ಪತ್ರಕ್ಕೆ ತಲೆದೂಗುವುದು ಯಾವ ನ್ಯಾಯ?