ಕರುಣೆಯ ಹೆಸರಿನಲ್ಲಿ ಮಕ್ಕಳ ಕೈ ಕಟ್ಟಬೇಡಿ

ಸೆರೆಬ್ರಲ್ ಪಾಲ್ಸಿ ಅಥವಾ ಆಟಿಸಂ ಇರುವ ಮಗುವನ್ನು ಕಂಡರೆ ನಮ್ಮ ಸಮುದಾಯದಲ್ಲಿ ಎರಡು ಮಾತುಗಳು ಸದಾ ಸಿದ್ಧವಾಗಿರುತ್ತವೆ. ತಾಯಿಗೆ 'ಸಬ್ರ್ ಮಾಡಿ' ಎನ್ನುವುದು ಒಂದು. ಮಗುವಿನ ಬಗ್ಗೆ 'ಇದಕ್ಕೆ ನಮಾಝ್ ಕಡ್ಡಾಯವಿಲ್ಲ, ಮದ್ರಸಕ್ಕೆ ಕಳುಹಿಸಬೇಕಾಗಿಲ್ಲ' ಎನ್ನುವುದು ಇನ್ನೊಂದು. ಕೆಲವು ಮಕ್ಕಳ ವಿಷಯದಲ್ಲಿ ವಿನಾಯಿತಿ ಸರಿಯೇ ಇರಬಹುದು. ಆದರೆ ವಿನಾಯಿತಿಯು ಕಲಿಸಬಾರದೆಂಬ ನಿಷೇಧವಲ್ಲ. ಹತ್ತು ವರ್ಷದ ಮಗುವಿಗೂ ತಾಯಿಯೇ ತುತ್ತಿಡುತ್ತಾಳೆ, ಗುಂಡಿ ಹಾಕುತ್ತಾಳೆ, ಶೌಚ ಮಾಡಿಸುತ್ತಾಳೆ. ಆಕೆಯ ಸಹನೆಯನ್ನು ಹೊಗಳಿ ನಾವು ಮನೆಗೆ ಮರಳುತ್ತೇವೆ. ಆಕೆಯ ಕಾಲಾನಂತರ ತುತ್ತಿಡುವವರು ಯಾರೆಂದು ಜಮಾಅತ್ ಸಭೆಯಲ್ಲಿ ಯಾರೂ ಕೇಳುವುದಿಲ್ಲ.

ಆಕ್ಯುಪೇಶನಲ್ ಥೆರಪಿ ಎಂದರೆ ಉದ್ಯೋಗ ತರಬೇತಿಯೆಂದು ಭಾವಿಸಿದವರೂ ಇದ್ದಾರೆ. ಮಗುವಿನ ಉದ್ಯೋಗವೆಂದರೆ ಉಣ್ಣುವುದು, ಉಡುವುದು, ಆಡುವುದು, ಬರೆಯುವುದು. ಈ ಚಿಕಿತ್ಸಕರು ಮಗುವಿನ ಕೈಯನ್ನಷ್ಟೇ ಅಲ್ಲ, ಕೆಲಸವನ್ನೂ ಬಿಡಿಬಿಡಿಯಾಗಿಸಿ ನೋಡುತ್ತಾರೆ. ಅಂಗಿ ತೊಡುವುದನ್ನು ಹಲವು ಹಂತಗಳಾಗಿ ಒಡೆದು, ಕೆಲವೊಮ್ಮೆ ಕೊನೆಯ ಹಂತವನ್ನೇ ಮೊದಲು ಮಗುವಿಗೆ ಬಿಟ್ಟುಕೊಡುತ್ತಾರೆ. ಮುಗಿಸಿದ ಸಂತೋಷ ಅದಕ್ಕೆ ದಕ್ಕಲಿ ಎಂದು. ದೇಹದ ಒಂದು ಪಕ್ಕ ಬಲಹೀನವಾಗಿದ್ದರೆ ಆ ಕೈಯನ್ನೇ ಮೊದಲು ಅಂಗಿಯ ತೋಳಿಗೆ ತೂರಿಸಲು, ಕಳಚುವಾಗ ಕೊನೆಗೆ ಬಿಡಿಸಲು ಕಲಿಸುತ್ತಾರೆ. ಹಿಡಿತ ಸಾಲದಿದ್ದರೆ ಚಮಚದ ಹಿಡಿಯನ್ನು ದಪ್ಪ ಮಾಡುತ್ತಾರೆ. ಗುಂಡಿಯ ಜಾಗಕ್ಕೆ ವೆಲ್ಕ್ರೋ ಬರುತ್ತದೆ.

ಇದೇನು ನಮಗೆ ಅಪರಿಚಿತ ವಿದ್ಯೆಯೇ? ನಿಂತು ನಮಾಝ್ ಮಾಡಲಾಗದವರು ಕುಳಿತು, ಅದೂ ಆಗದವರು ಮಲಗಿ ಮಾಡಲಿ ಎಂದು ಪ್ರವಾದಿ(ಸ)ರು ಇಮ್ರಾನ್ ಬಿನ್ ಹುಸೈನ್(ರ)ರಿಗೆ ಕಲಿಸಿದ್ದು ಬುಖಾರಿಯಲ್ಲಿದೆ. ಶರೀಅತ್ ಕರ್ಮದ ರೂಪವನ್ನು ಬದಲಿಸಿತೇ ಹೊರತು ಮನುಷ್ಯನನ್ನು ಸಫ್ಫಿನಿಂದ ಹೊರಗಟ್ಟಲಿಲ್ಲ. ಅಂಧರಾದ ಇಬ್ನು ಉಮ್ಮಿ ಮಕ್ತೂಮ್(ರ) ಮದೀನದಲ್ಲಿ ಅಝಾನ್ ಕೊಡುತ್ತಿದ್ದರು. ಇದನ್ನು ಪ್ರವಚನಗಳಲ್ಲಿ ಕಂಠವುಬ್ಬಿಸಿ ಹೇಳುವವರು ತಮ್ಮ ಮಸೀದಿಯ ಹೌಝ್ ಬಳಿ ಒಂದು ಹಿಡಿಕಂಬಿಯನ್ನಾದರೂ ಹಾಕಿಸಿದ್ದಾರೆಯೇ?

'ತಕ್ದೀರ್‌ಗೆ ಎದುರಾಡುವಿರಾ?' ಎನ್ನುವವರಿದ್ದಾರೆ. ಚಿಕಿತ್ಸೆ ಪಡೆಯಿರಿ ಎಂದವರೂ ಪ್ರವಾದಿ(ಸ)ರೇ. ಈ ಚಿಕಿತ್ಸೆಯು ವೈಕಲ್ಯವನ್ನೇ ಅಳಿಸುತ್ತದೆಂದು ನಾವು ಹೇಳುತ್ತಿಲ್ಲ. ಇದು ಸುಲಭವೂ ಅಲ್ಲ. ತಾಯಿ ಐದು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಮಗು ಅರ್ಧ ತಾಸು ತೆಗೆದುಕೊಂಡರೆ ಕೈ ಚಾಚದೆ ಕಾಯಬೇಕು. ಸಬ್ರ್ ಬೇಕಾಗಿರುವುದು ಅಲ್ಲಿ.

ತಾಯಿತಕ್ಕಾಗಿ ಊರೂರು ಅಲೆಯುವ ಕುಟುಂಬಗಳಿಗೆ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದ ದಾರಿಯನ್ನು ಖತೀಬರು ತೋರಿಸಲಿ; 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 18 ವರ್ಷದವರೆಗಿನ ಮಕ್ಕಳಿಗಾಗಿಯೇ ಇದೆ. ಮಣಿಪಾಲದಲ್ಲಿ ಈ ವಿದ್ಯೆಯದೇ ಒಂದು ವಿಭಾಗವಿದೆ. ಬಡವರ ಬಸ್ಸಿನ ಖರ್ಚನ್ನು ಬೈತುಲ್‌ಮಾಲ್ ಭರಿಸಲಿ. ಉಸ್ತಾದರು ಆ ಮಗುವನ್ನೂ ತರಗತಿಯಲ್ಲಿ ಕೂರಿಸಿಕೊಂಡು ವುಝೂವಿನ ಪಾಠವನ್ನು ಮೊದಲು ಮುಂಗೈ ತೊಳೆಯುವಲ್ಲಿಗೇ ನಿಲ್ಲಿಸಲಿ. ಮೊಣಕೈ ಮುಂದಿನ ತಿಂಗಳು ಆದೀತು.